ನದಿಗೆ ಗಡಿ ಎಳೆದರೆ ಮೊಸಳೆ ಹೆಚ್ಚುತ್ತವೆಯೇ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮೊಸಳೆಗೂ ಅಭಯಾರಣ್ಯಕ್ಕೂ ಇರುವ ನಂಟನ್ನು ಕುರಿತವು. ಒಂದೇ ಪ್ರಶ್ನೆ ಹಲವು ಪತ್ರಗಳಲ್ಲಿ ಬಂದಿದ್ದರೆ ಒಂದನ್ನು ಮಾತ್ರ ಆಯ್ದುಕೊಂಡಿದ್ದೇವೆ.

● ನದಿಯ ಒಂದು ಭಾಗವನ್ನು ಅಭಯಾರಣ್ಯ ಎಂದು ಘೋಷಿಸಿದರೆ ಅಲ್ಲಿ ಮೊಸಳೆಗಳು ನಿಜವಾಗಿ ಹೆಚ್ಚುತ್ತವೆಯೇ? ಹೆಚ್ಚುವುದಾದರೆ ಎಷ್ಟು ವರ್ಷ ಹಿಡಿಯುತ್ತದೆ?
— ಪ್ರೌಢಶಾಲಾ ಶಿಕ್ಷಕಿ, ಶ್ರೀರಂಗಪಟ್ಟಣ

ಹೆಚ್ಚಬಹುದು. ಆದರೆ ಮೂರು ಸಂಗತಿಗಳು ಆ ಗಡಿಯೊಳಗೇ ಸಿಗಬೇಕು: ಮೊಟ್ಟೆಯಿಡಲು ಯಾರೂ ಕದಲಿಸದ ಮರಳಿನ ದಂಡೆ, ಏಪ್ರಿಲ್-ಮೇ ತಿಂಗಳಲ್ಲೂ ಬತ್ತದ ಮಡು, ಬಲೆ ಬೀಳದ ನೀರು. ಇವುಗಳಲ್ಲಿ ಒಂದು ತಪ್ಪಿದರೂ ಫಲಕ ನೆಟ್ಟಷ್ಟಕ್ಕೇ ಕೆಲಸ ನಿಲ್ಲುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಚಂಬಲ್ ನದಿ. 1970ರ ದಶಕದ ಮಧ್ಯಭಾಗದ ಹೊತ್ತಿಗೆ ಇಡೀ ಭಾರತದಲ್ಲಿ ಉಳಿದಿದ್ದ, ಉದ್ದ ಸಪೂರ ಮೂತಿಯ ಮೊಸಳೆ ಜಾತಿಯಾದ ಘರಿಯಾಲ್‌ಗಳು ಇನ್ನೂರಕ್ಕೂ ಕಡಿಮೆ ಎಂಬ ಅಂದಾಜಿತ್ತು. ಚರ್ಮಕ್ಕಾಗಿ ಬೇಟೆ, ಮೊಟ್ಟೆ ಕದಿಯುವುದು, ಮೀನಿನ ಬಲೆ, ಅಣೆಕಟ್ಟು ಎಲ್ಲವೂ ಸೇರಿ ಆ ಸ್ಥಿತಿ ತಂದಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಸಳೆ ಬೇಟೆಯನ್ನು ಅಪರಾಧ ಮಾಡಿತು. 1975ರಲ್ಲಿ ಮೊಸಳೆ ಸಂರಕ್ಷಣಾ ಯೋಜನೆ ಶುರುವಾಯಿತು. 1978-79ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶ ಮೂರೂ ರಾಜ್ಯಗಳು ಸೇರಿ ಚಂಬಲ್‌ನ ಉದ್ದಕ್ಕೂ ರಾಷ್ಟ್ರೀಯ ಚಂಬಲ್ ಅಭಯಾರಣ್ಯವನ್ನು ಘೋಷಿಸಿದವು. ಅದರ ಜೊತೆಗೆ ನದಿದಂಡೆಯ ಮೊಟ್ಟೆಗಳನ್ನು ತಂದು ಮೊರೆನಾ ಬಳಿಯ ದೇವರಿ, ಲಖನೌದ ಕುಕರೈಲ್ ಕೇಂದ್ರಗಳಲ್ಲಿ ಮರಿ ಮಾಡಿಸಿ, ಮರಿ ನಾಲ್ಕಡಿ ಉದ್ದಕ್ಕೆ ಬೆಳೆದ ಮೇಲೆ ನದಿಗೆ ಬಿಡುವ ಕೆಲಸವೂ ನಡೆಯಿತು. ಇಂದು ಚಂಬಲ್‌ನ ಚಳಿಗಾಲದ ಗಣತಿಯಲ್ಲಿ ಘರಿಯಾಲ್‌ಗಳ ಲೆಕ್ಕ ಎರಡು ಸಾವಿರ ದಾಟುತ್ತದೆ. ಜಗತ್ತಿನ ಘರಿಯಾಲ್‌ಗಳಲ್ಲಿ ಬಹುಪಾಲು ಇರುವುದು ಈ ಒಂದೇ ನದಿಯಲ್ಲಿ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಭಾರತ-ನೇಪಾಳ ಎರಡೂ ಸೇರಿ ಮರಿ ಮಾಡುವ ವಯಸ್ಸಿನ ಘರಿಯಾಲ್‌ಗಳು 1997ರಲ್ಲಿ ಸುಮಾರು 436 ಇದ್ದದ್ದು 2006ರ ಹೊತ್ತಿಗೆ 182ಕ್ಕೆ ಇಳಿದವು. ಆ ಒಂಬತ್ತು ವರ್ಷವೂ ಚಂಬಲ್ ಅಭಯಾರಣ್ಯವೇ ಆಗಿತ್ತು. ಅದರ ಮರುವರ್ಷ ಇನ್ನೂ ದೊಡ್ಡ ಪೆಟ್ಟು ಬಿತ್ತು. 2007ರ ಡಿಸೆಂಬರ್‌ನಿಂದ 2008ರ ಮಾರ್ಚ್‌ವರೆಗೆ, ಚಂಬಲ್ ಯಮುನೆಯನ್ನು ಸೇರುವ ಕೆಳಭಾಗದಲ್ಲಿ ನೂರಕ್ಕೂ ಹೆಚ್ಚು ಘರಿಯಾಲ್‌ಗಳು ಸತ್ತು ತೇಲಿದವು. ಶವಪರೀಕ್ಷೆಯಲ್ಲಿ ಮೂತ್ರಪಿಂಡ ಕೆಟ್ಟು, ಒಳಾಂಗಗಳಲ್ಲಿ ಯೂರಿಕ್ ಆಮ್ಲದ ಹರಳು ಕಟ್ಟಿದ್ದು ಕಂಡುಬಂತು. ಯಮುನೆಯ ಕಡೆಯಿಂದ ಬಂದ ಮೀನಿನ ಮೂಲಕ ಯಾವುದೋ ವಿಷ ಸೇರಿರಬೇಕು ಎಂಬ ಅನುಮಾನವೇ ಬಲವಾಗಿ ಉಳಿಯಿತು. ಬಂದೂಕು ಹಿಡಿದವನನ್ನು ಕಾವಲುಗಾರ ತಡೆಯಬಲ್ಲ. ಗಡಿಯಾಚೆಯಿಂದ ಈಜಿ ಬರುವ ಮೀನನ್ನು ಯಾರು ತಡೆಯುತ್ತಾರೆ?

ಎಷ್ಟು ವರ್ಷ ಎಂದು ಕೇಳಿದ್ದೀರಿ. ಹೆಣ್ಣು ಘರಿಯಾಲ್ ಮೊಟ್ಟೆಯಿಡುವಷ್ಟು ಬೆಳೆಯಲು ಎಂಟು-ಹತ್ತು ವರ್ಷ ಬೇಕು, ಗಂಡಿಗೆ ಇನ್ನೂ ಹೆಚ್ಚು. ನಮ್ಮ ಕಾವೇರಿ, ತುಂಗಭದ್ರೆಗಳಲ್ಲಿರುವ ಮಗ್ಗರ್ ಮೊಸಳೆಯ ಹೆಣ್ಣಿಗೆ ಆರು ವರ್ಷವಾದರೂ ಆಗಬೇಕು. ಅಂದರೆ ಇವತ್ತು ಘೋಷಣೆಯಾದ ಅಭಯಾರಣ್ಯದಲ್ಲಿ ಹುಟ್ಟಿದ ಮರಿ ತಾನೇ ಗೂಡು ಮಾಡುವ ಹೊತ್ತಿಗೆ ಎರಡು ಚುನಾವಣೆ ಕಳೆದಿರುತ್ತವೆ. ಐದು ವರ್ಷದ ಲೆಕ್ಕ ನೋಡಿ ಯಶಸ್ಸು ಅಥವಾ ಸೋಲು ಎಂದು ತೀರ್ಪು ಕೊಡುವ ವರದಿಗಳನ್ನು ನಂಬಬೇಡಿ.

ಇನ್ನೊಂದು ಎಚ್ಚರಿಕೆ ಶಾಲೆಯಲ್ಲಿ ಮಕ್ಕಳಿಗೂ ಹೇಳುವಂಥದ್ದು. ಅಭಯಾರಣ್ಯದ ಒಳಗೆ ಹೆಚ್ಚು, ಹೊರಗೆ ಕಡಿಮೆ ಎಂದು ತೋರಿಸಿ ಇದು ರಕ್ಷಣೆಯ ಫಲ ಎನ್ನುವುದು ಸುಲಭ. ಆದರೆ ಮೊಸಳೆಗಳು ಮೊದಲಿನಿಂದ ಎಲ್ಲಿ ಚೆನ್ನಾಗಿದ್ದವೋ ಅಲ್ಲೇ ಗಡಿ ಎಳೆದಿರುತ್ತಾರೆ. ಚಂಬಲ್ ದಂಡೆಯ ಕೊರಕಲು ಕಣಿವೆಗಳಲ್ಲಿ ಊರುಗಳು ವಿರಳ, ಕಾರ್ಖಾನೆಗಳು ಬರಲಿಲ್ಲ, ಡಕಾಯಿತರ ಭಯ ಬೇರೆ. ನದಿ ಅಭಯಾರಣ್ಯವಾಗುವ ಮೊದಲೇ ಅರ್ಧ ಅಭಯ ಪಡೆದಿತ್ತು. ಹೋಲಿಸುವುದಾದರೆ ಅದೇ ಜಾಗದ ಹಿಂದಿನ ಲೆಕ್ಕಕ್ಕೂ ಇಂದಿನ ಲೆಕ್ಕಕ್ಕೂ ಹೋಲಿಸಬೇಕು.

● ಒಡಿಶಾದ ಸಾತ್ಕೋಸಿಯಾದಲ್ಲಿ ನೂರಾರು ಘರಿಯಾಲ್ ಬಿಟ್ಟರೂ ಉಳಿಯಲಿಲ್ಲ ಎಂದು ಓದಿದೆ. ಅದೂ ಅಭಯಾರಣ್ಯವೇ. ಅದೇ ರಾಜ್ಯದ ಭಿತರಕನಿಕಾದಲ್ಲಿ ಮೊಸಳೆ ತುಂಬಿಹೋಗಿವೆ. ಏಕೆ ಈ ವ್ಯತ್ಯಾಸ?
— ಪ್ರಾಣಿಶಾಸ್ತ್ರ ವಿದ್ಯಾರ್ಥಿ, ಮೈಸೂರು

ಪ್ರಶ್ನೆಯಲ್ಲೇ ಒಳ್ಳೆಯ ಹೋಲಿಕೆ ಇದೆ. ಎರಡೂ ಕಡೆ ಕಾನೂನು ಒಂದೇ, ಯೋಜನೆ ಒಂದೇ, ಶುರುವಾದ ಕಾಲವೂ ಸುಮಾರಾಗಿ ಒಂದೇ.

ಭಿತರಕನಿಕಾ 1975ರಲ್ಲಿ ಅಭಯಾರಣ್ಯವಾಯಿತು. ಅಲ್ಲಿರುವುದು ಉಪ್ಪುನೀರಿನ ಮೊಸಳೆ. 1970ರ ದಶಕದ ಮಧ್ಯದಲ್ಲಿ ನೂರರ ಆಸುಪಾಸಿನಲ್ಲಿದ್ದ ಸಂಖ್ಯೆ ಈಗ 1,700 ಮೀರಿದೆ. ಅಲ್ಲಿನ ತೊರೆ-ಕಾಲುವೆಗಳು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೇ ಹರಿಯುತ್ತವೆ. ಉಪ್ಪುನೀರಿನ ಹೆಣ್ಣು ಮೊಸಳೆ ಮರಳು ಹುಡುಕುವುದಿಲ್ಲ. ಎಲೆ, ಹುಲ್ಲು, ಕೆಸರು ಒಟ್ಟುಗೂಡಿಸಿ ಎತ್ತರದ ಗುಡ್ಡೆ ಮಾಡಿ ಅದರೊಳಗೆ ಮೊಟ್ಟೆಯಿಡುತ್ತದೆ. ಗೂಡಿಗೆ ಬೇಕಾದದ್ದು, ಮರಿಗೆ ಬೇಕಾದ ಅಡಗುತಾಣ, ಆಹಾರ ಎಲ್ಲವೂ ಗಡಿಯೊಳಗೇ ಇವೆ.

ಸಾತ್ಕೋಸಿಯಾ ಮಹಾನದಿಯ ಕಂದರ. 1976ರಲ್ಲಿ ಅಭಯಾರಣ್ಯವಾಯಿತು. ಟಿಕರಪಾಡಾದ ಕೇಂದ್ರದಿಂದ ನೂರಾರು ಮರಿಗಳನ್ನು ಬಿಟ್ಟರು. ಕೊನೆಗೆ ಉಳಿದದ್ದು ಬೆರಳೆಣಿಕೆಯಷ್ಟು. ಕಂದರ ಸುಮಾರು 22 ಕಿ.ಮೀ. ಮಾತ್ರ. ಘರಿಯಾಲ್ ಮಳೆಗಾಲದಲ್ಲಿ ಒಂದೇ ಮಡುವಿನಲ್ಲಿ ಕೂರುವ ಪ್ರಾಣಿಯಲ್ಲ, ಪ್ರವಾಹದೊಂದಿಗೆ ಹತ್ತಾರು ಕಿ.ಮೀ. ಸಾಗುತ್ತದೆ. ಚಿಕ್ಕವು ಇನ್ನೂ ದೂರ ಕೊಚ್ಚಿಹೋಗುತ್ತವೆ. ಕಂದರ ದಾಟಿದ ಕೂಡಲೇ ಬಲೆಗಳ ಸಾಲು. ಘರಿಯಾಲ್‌ನ ಮೂತಿ ಉದ್ದ, ಸಪೂರ, ಎರಡೂ ಬದಿ ಹೊರಚಾಚಿದ ಹಲ್ಲು. ನೈಲಾನ್ ಬಲೆಗೆ ಸಿಕ್ಕರೆ ಬಿಡಿಸಿಕೊಳ್ಳಲಾಗದು. ಉಸಿರಿಗೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಬದುಕಿದ್ದರೆ ಬಲೆ ಉಳಿಸಿಕೊಳ್ಳಲು ಮೀನುಗಾರ ಮೂತಿಯನ್ನೇ ಕತ್ತರಿಸಬೇಕಾಗುತ್ತದೆ. ಮಗ್ಗರ್‌ಗೆ ಈ ಅಪಾಯ ಕಡಿಮೆ, ಅದರ ಅಗಲ ದವಡೆ ಬಲೆಯನ್ನೇ ಹರಿಯುತ್ತದೆ.

ಎರಡನೇ ಕಾರಣ ಮೇಲಿನ ಹಿರಾಕುಡ್ ಅಣೆಕಟ್ಟು. ಘರಿಯಾಲ್ ಮಾರ್ಚ್-ಏಪ್ರಿಲ್‌ನಲ್ಲಿ ಮರಳಿನಲ್ಲಿ 30ರಿಂದ 50 ಮೊಟ್ಟೆಯಿಡುತ್ತದೆ. ಎರಡು-ಎರಡೂವರೆ ತಿಂಗಳಿಗೆ ಮರಿ ಹೊರಬರುತ್ತದೆ. ಈ ನಡುವೆ ಅಣೆಕಟ್ಟಿನಿಂದ ಒಮ್ಮೆಗೇ ನೀರು ಬಿಟ್ಟರೆ ಗೂಡು ಮುಳುಗುತ್ತದೆ. ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಭ್ರೂಣ ಉಸಿರಾಡುತ್ತಿರುತ್ತದೆ, ನೀರು ತುಂಬಿದ ಮರಳಿನಲ್ಲಿ ಅದು ಉಸಿರುಕಟ್ಟಿ ಸಾಯುತ್ತದೆ. ನೀರು ಪೂರ್ತಿ ನಿಲ್ಲಿಸಿದರೆ ನದಿ ನಡುವಿನ ಮರಳುದಿಬ್ಬ ದಂಡೆಗೆ ಅಂಟಿಕೊಂಡು ನರಿ, ಕಾಡುಹಂದಿ, ನಾಯಿ ನಡೆದೇ ಗೂಡಿಗೆ ಬರುತ್ತವೆ.

2021ರಲ್ಲಿ ಸಾತ್ಕೋಸಿಯಾದಲ್ಲಿ ದಶಕಗಳ ನಂತರ ಘರಿಯಾಲ್ ಸಹಜವಾಗಿ ಮರಿ ಮಾಡಿದವು. ಇದು ಬಹಳ ದೊಡ್ಡ ಸುದ್ದಿ, ನಮ್ಮ ಪತ್ರಿಕೆಗಳು ಇದನ್ನು ಇನ್ನಷ್ಟು ಎತ್ತಿ ಬರೆಯಬೇಕಿತ್ತು. ಅಂಥ ಮರಿಗಳಲ್ಲಿ ಎಷ್ಟು ಮಳೆಗಾಲ ದಾಟುತ್ತವೆ ಎಂಬುದು ಕಂದರದ ಕೆಳಗಿನ ಬಲೆಗಳನ್ನು ಅವಲಂಬಿಸಿದೆ.

● ಮೊಸಳೆ ಎಣಿಸುವುದು ಹೇಗೆ? ನೀರಿನಡಿ ಇರುವುದನ್ನು ಲೆಕ್ಕ ಹಾಕಲು ಹೇಗೆ ಸಾಧ್ಯ? ನಮ್ಮ ನಿಸರ್ಗ ಬಳಗದವರು ಅರಣ್ಯ ಇಲಾಖೆಯ ಗಣತಿಯಲ್ಲಿ ಕೈಜೋಡಿಸಲಿದ್ದೇವೆ.
— ಬಾಗಲಕೋಟೆ

ನೀರಿನಡಿ ಇರುವುದನ್ನು ಎಣಿಸಲಾಗದು. ಅದನ್ನು ಒಪ್ಪಿಕೊಂಡೇ ಲೆಕ್ಕ ಶುರುವಾಗುತ್ತದೆ. ಗಣತಿಯ ಸಂಖ್ಯೆ ಅಂದರೆ ಕಂಡವುಗಳ ಸಂಖ್ಯೆ. ಪ್ರತಿವರ್ಷ ಒಂದೇ ವಿಧಾನದಲ್ಲಿ, ಒಂದೇ ಹೊತ್ತಿನಲ್ಲಿ ಎಣಿಸಿದರೆ ಏರಿತೋ ಇಳಿಯಿತೋ ಎಂಬುದು ತಿಳಿಯುತ್ತದೆ. ವಿಧಾನ ಬದಲಿಸಿದ ವರ್ಷ ಆ ಸರಣಿ ಮುರಿಯುತ್ತದೆ.

ಹಗಲಿನ ಗಣತಿಗೆ ಡಿಸೆಂಬರ್‌ನಿಂದ ಫೆಬ್ರುವರಿ ಸೂಕ್ತ. ನೀರು ತಣ್ಣಗಿದ್ದು ದಂಡೆ ಬೆಚ್ಚಗಿರುವುದರಿಂದ ಮೊಸಳೆಗಳು ಮೈ ಕಾಯಿಸಲು ಹೊರಬರುತ್ತವೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಒಳ್ಳೆಯ ಸಮಯ. ಮೋಡ ಕವಿದ ದಿನ, ಜೋರು ಗಾಳಿಯ ದಿನ ಬೇಡ. ದೋಣಿ ಹರಿವಿನ ಜೊತೆ ಕೆಳಮುಖವಾಗಿ ಸಾಗಲಿ, ಒಮ್ಮೆ ದಾಟಿದ ಜಾಗಕ್ಕೆ ಹಿಂತಿರುಗಿ ಎಣಿಸಬೇಡಿ. ಎಡದಂಡೆಗೊಬ್ಬರು, ಬಲದಂಡೆಗೊಬ್ಬರು, ಬರೆದುಕೊಳ್ಳಲೊಬ್ಬರು. ನಡುಗಡ್ಡೆ ಬಂದಾಗ ಅದು ಯಾರ ಪಾಲು ಎಂದು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಒಂದೇ ಮೊಸಳೆ ಎರಡು ಸಲ ಲೆಕ್ಕಕ್ಕೆ ಬರುವುದು ಹೆಚ್ಚಾಗಿ ಇಲ್ಲೇ. ಕಂಡ ಪ್ರತಿಯೊಂದಕ್ಕೂ ಜಿಪಿಎಸ್ ಗುರುತು, ಸಮಯ, ಅಂದಾಜು ಉದ್ದ ಬರೆಯಿರಿ.

ಉದ್ದವೇ ಮುಖ್ಯ. ಒಟ್ಟು ಸಂಖ್ಯೆಗಿಂತ ಯಾವ ಗಾತ್ರದವು ಎಷ್ಟು ಎಂಬುದು ಹೆಚ್ಚು ಹೇಳುತ್ತದೆ. ಘರಿಯಾಲ್ ಗಣತಿಯಲ್ಲಿ 90 ಸೆಂ.ಮೀ.ಗಿಂತ ಚಿಕ್ಕವು, 90ರಿಂದ 180, 180ರಿಂದ 270, ಅದಕ್ಕೂ ದೊಡ್ಡವು ಎಂದು ವಿಂಗಡಿಸುವ ರೂಢಿ ಇದೆ. ಮಗ್ಗರ್‌ನಲ್ಲಿ ತಲೆಯ ಉದ್ದವನ್ನು ಏಳರಿಂದ ಗುಣಿಸಿದರೆ ಇಡೀ ಮೈಯ ಉದ್ದಕ್ಕೆ ಹತ್ತಿರ ಬರುತ್ತದೆ. ನೀರಿನ ಮೇಲೆ ತಲೆ ಮಾತ್ರ ಕಂಡಾಗ ಇದು ಉಪಯೋಗಕ್ಕೆ ಬರುತ್ತದೆ. ಘರಿಯಾಲ್‌ಗೆ ಈ ಲೆಕ್ಕ ಒಗ್ಗುವುದಿಲ್ಲ, ಅದರ ಮೂತಿಯೇ ಉದ್ದ.

ಕಲ್ಲುಬಂಡೆಗಳ ನದಿಯಲ್ಲಿ, ದಂಡೆಯಲ್ಲಿ ಆಪು ಹುಲ್ಲು ದಟ್ಟವಾಗಿರುವಲ್ಲಿ ರಾತ್ರಿ ಗಣತಿ ಒಳ್ಳೆಯದು. ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟದಲ್ಲೇ ಹಿಡಿಯಬೇಕು, ಇಲ್ಲದಿದ್ದರೆ ಮೊಸಳೆಯ ಕಣ್ಣಿನಿಂದ ಮರಳಿ ಬರುವ ಕೆಂಪು ಹೊಳಪು ನಿಮಗೆ ಕಾಣುವುದಿಲ್ಲ. ತಲೆಗೆ ಕಟ್ಟುವ ಲ್ಯಾಂಪ್ ಇದ್ದರೆ ಅನುಕೂಲ. ಗಾತ್ರ ತಿಳಿಯದಿದ್ದರೆ ‘ಕಣ್ಣು ಮಾತ್ರ’ ಎಂದು ಬೇರೆ ಅಂಕಣದಲ್ಲಿ ಬರೆಯಿರಿ, ಊಹಿಸಿ ತುಂಬಬೇಡಿ. ಹುಣ್ಣಿಮೆಯ ಆಸುಪಾಸು ಬಿಟ್ಟುಬಿಡಿ.

ಒಂದೇ ಸಲ ಎಣಿಸಿ ಮುಗಿಸಬೇಡಿ. ಉದಾಹರಣೆಗೆ 20 ಕಿ.ಮೀ. ಉದ್ದದಲ್ಲಿ ಎರಡು ವಾರದೊಳಗೆ ಮೂರು ಸಲ ಎಣಿಸಿದಾಗ 31, 44, 38 ಸಿಕ್ಕವು ಎನ್ನಿ. ಸರಾಸರಿ ಸುಮಾರು 38, ಕಿ.ಮೀ.ಗೆ 1.9. ಪತ್ರಿಕೆಗೆ ಕೊಡುವಾಗ ಮೂರೂ ಅಂಕಿ ಕೊಡಿ. ಮುಂದಿನ ವರ್ಷ 42 ಬಂದರೆ ಏರಿಕೆ ಎಂದು ಸಂಭ್ರಮಿಸುವ ಮೊದಲು, ಈ ವರ್ಷವೇ 31ಕ್ಕೂ 44ಕ್ಕೂ ನಡುವೆ ಎಷ್ಟು ಅಂತರವಿತ್ತು ಎಂದು ನೋಡಬೇಕು.

ಇದೆಲ್ಲಕ್ಕಿಂತ ನಂಬಬಹುದಾದ ಲೆಕ್ಕ ಗೂಡಿನದು. ಗೂಡು ಇದೆ ಎಂದರೆ ಒಂದು ಬೆಳೆದ ಹೆಣ್ಣು ಇದೆ ಎಂದು ಖಚಿತ. ಕೇಂದ್ರದಲ್ಲಿ ಬೆಳೆಸಿದ 50 ಮರಿ ತಂದು ಬಿಟ್ಟರೆ ಆ ವರ್ಷದ ಒಟ್ಟು ಸಂಖ್ಯೆ ಜಿಗಿಯುತ್ತದೆ, ಗೂಡು ಒಂದೂ ಹೆಚ್ಚುವುದಿಲ್ಲ. ಬಿಡುವ ಮರಿಗಳ ಬಾಲದ ಮೇಲಿನ ಹುರುಪೆಗಳಲ್ಲಿ ಗೊತ್ತುಪಡಿಸಿದವನ್ನು ಕತ್ತರಿಸಿ ಗುರುತು ಮಾಡುವುದು ಇದಕ್ಕಾಗಿಯೇ. ಮೇ ಕೊನೆ, ಜೂನ್ ಮೊದಲ ವಾರದಲ್ಲಿ ದಂಡೆಯಲ್ಲಿ ತೋಡಿದ ಗುಂಡಿ, ಸುತ್ತ ಬಿದ್ದ ಚಿಪ್ಪು, ಎಳೆದ ಬಾಲದ ಗೆರೆ ಕಂಡರೆ ಗೂಡಿನಿಂದ ಮರಿಗಳು ಹೊರಬಂದಿವೆ ಎಂದರ್ಥ. ಚಿಪ್ಪು ಚೂರುಚೂರಾಗಿ ದೂರ ಚೆಲ್ಲಿದ್ದರೆ ನರಿ ಅಥವಾ ನಾಯಿ ಮೊದಲೇ ಬಂದಿತ್ತು.

ಅಭಯಾರಣ್ಯದೊಳಗಿನ ಕೆಲಸಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಗೂಡಿನ ಜಿಪಿಎಸ್ ಗುರುತನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

● ದಾಂಡೇಲಿಯಲ್ಲಿ ಮೊಸಳೆ ಕಾಣುವುದು ಊರ ಪಕ್ಕದ ಕಾಳಿ ನದಿಯಲ್ಲಿ. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಅಷ್ಟು ಕಾಣುವುದಿಲ್ಲ. ಇದು ತಲೆಕೆಳಗಲ್ಲವೇ?
— ಪ್ರವಾಸಿ ಮಾರ್ಗದರ್ಶಿ, ದಾಂಡೇಲಿ

ಮೊಸಳೆಯ ಕಣ್ಣಿನಿಂದ ನೋಡಿದರೆ ಸರಿಯಾಗೇ ಇದೆ. ಸೂಪಾ ಅಣೆಕಟ್ಟಿನ ಕೆಳಗೆ ಗಣೇಶಗುಡಿಯ ಬಳಿ ಕಾಳಿ ಬಂಡೆಗಳ ನಡುವೆ ರಭಸವಾಗಿ ಹರಿಯುತ್ತದೆ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟ ಹೊತ್ತಿನಲ್ಲಿ ಮಟ್ಟ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ರ‍್ಯಾಫ್ಟಿಂಗಿಗೆ ಹೇಳಿಮಾಡಿಸಿದ ನೀರು, ಮೊಸಳೆಗೆ ಅಲ್ಲ. ಅದಕ್ಕೆ ಬೇಕಾದದ್ದು ನಿಧಾನ ಹರಿವು, ಬಿಸಿಲು ಬೀಳುವ ದಂಡೆ, ಮೀನು. ಅವು ಊರ ಕಡೆಯ ಸಮತಟ್ಟಿನಲ್ಲಿ ಸಿಗುತ್ತವೆ. ಊರಿನಿಂದ ಬೀಳುವ ಕೋಳಿ, ಮೀನಿನ ತ್ಯಾಜ್ಯವೂ ಎಳೆಯುತ್ತದೆ.

ಗುಜರಾತಿನ ವಡೋದರಾ ನಗರದ ನಡುವೆ ಹರಿಯುವ ವಿಶ್ವಾಮಿತ್ರಿಯಲ್ಲಿ ನೂರಾರು ಮಗ್ಗರ್ ಇವೆ, ಅದು ಅಭಯಾರಣ್ಯವಲ್ಲ. ಅದೇ ರಾಜ್ಯದ ಚರೋತರ್ ಸೀಮೆಯ ಹಳ್ಳಿಕೆರೆಗಳಲ್ಲೂ ಜನರ ಪಕ್ಕದಲ್ಲೇ ಬದುಕುತ್ತಿವೆ. ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲಿ 1971ರಲ್ಲಿ ಇಡೀ ಪ್ರಾಂತ್ಯಕ್ಕೆ ಅನ್ವಯಿಸುವಂತೆ ಬೇಟೆ ನಿಲ್ಲಿಸಿದ ಮೇಲೆ ಕೆಲವೇ ಸಾವಿರವಿದ್ದ ಉಪ್ಪುನೀರಿನ ಮೊಸಳೆಗಳು ಲಕ್ಷದ ಹತ್ತಿರಕ್ಕೆ ಬೆಳೆದವು. ಕೊಲ್ಲುವುದು ನಿಂತರೆ ಸಾಕು ಎನ್ನುವಷ್ಟು ಗಟ್ಟಿ ಜೀವಿಗಳಿಗೆ ಗಡಿಗಿಂತ ಕಾನೂನು ಮತ್ತು ಜನರ ಸಹನೆ ದೊಡ್ಡದು. ಘರಿಯಾಲ್ ಅಂಥ ಜೀವಿಯಲ್ಲ, ಅದಕ್ಕೆ ನದಿಯೇ ಸರಿಯಿರಬೇಕು.

ನಿಮ್ಮ ವೃತ್ತಿಯಲ್ಲಿರುವವರಿಗೆ ಒಂದು ಬೇಡಿಕೆ: ಪ್ರವಾಸಿಗರಿಗೆ ತೋರಿಸಲೆಂದು ಮೊಸಳೆಗೆ ಮಾಂಸ ಎಸೆಯುವುದನ್ನು ನೋಡಿದರೆ ತಡೆಯಿರಿ. ಮನುಷ್ಯರನ್ನು ಕಂಡಾಗ ದೂರ ಸರಿಯುವ ಪ್ರಾಣಿ ಹತ್ತಿರ ಬರಲು ಕಲಿಯುವುದು ಹೀಗೆ.

● ಕಾವೇರಿಗೂ ಘರಿಯಾಲ್ ತಂದು ಬಿಡಬಹುದಲ್ಲ? ರಂಗನತಿಟ್ಟಿನಲ್ಲಿ ಜಾಗವಿದೆ.
— ಪಾಂಡವಪುರ

ಬೇಡ. ಘರಿಯಾಲ್ ಸಿಂಧೂ, ಗಂಗಾ, ಬ್ರಹ್ಮಪುತ್ರ, ಮಹಾನದಿಗಳ ಪ್ರಾಣಿ. ಕಾವೇರಿ ಅದರ ನೆಲೆ ಅಲ್ಲ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಒಂದು ಚದರ ಕಿ.ಮೀ.ಗಿಂತಲೂ ಚಿಕ್ಕದು. ಅಲ್ಲಿನ ಮಗ್ಗರ್‌ಗಳೇ ಗಡಿ ದಾಟಿ ಮೇಲೆ ಕೆಳಗೆ ಓಡಾಡಿಕೊಂಡಿವೆ.

● ನಮ್ಮ ಗದ್ದೆ ತುಂಗಭದ್ರೆಯ ದಂಡೆಯಲ್ಲಿದೆ. ಪಂಪ್‌ಸೆಟ್ ಇರುವಲ್ಲಿ ಹತ್ತಡಿ ಮೊಸಳೆ ಮಲಗುತ್ತದೆ. ನೀರುನಾಯಿ ಮೀಸಲು ಮಾಡಿದ ಮೇಲೆ ಮೊಸಳೆ ಹೆಚ್ಚಾದವು ಎಂದು ಊರಲ್ಲಿ ಮಾತು. ಹಿಡಿದು ಬೇರೆಡೆ ಬಿಡಿಸಬಹುದೇ?
— ರೈತ, ಕಂಪ್ಲಿ ತಾಲ್ಲೂಕು

ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ನದಿ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಆಯಿತು. ಆ ವರ್ಷ ಹುಟ್ಟಿದ ಮೊಸಳೆ ಮರಿ 2020ರ ದಶಕಕ್ಕೆ ಕಾಲಿಟ್ಟ ಮೇಲಷ್ಟೇ ತಾನು ಮರಿ ಮಾಡಬಲ್ಲದು. ಹತ್ತಡಿಯ ಪ್ರಾಣಿ ಬಹುಮಟ್ಟಿಗೆ ಮೀಸಲಿಗಿಂತ ಮೊದಲೇ ನಿಮ್ಮ ನದಿಯಲ್ಲಿದ್ದದ್ದು. ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಕಡಿಮೆಯಾದಲ್ಲಿ ಮೊಸಳೆ ಹೆದರದೆ ಹೊರಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಇಡೀ ನದಿಯವು ನಾಲ್ಕಾರು ಮಡುಗಳಿಗೆ ಸೇರುತ್ತವೆ. ಕಾಣುವುದು ಹೆಚ್ಚಾಗುತ್ತದೆ. ಮರಿಗಳ ಸಂಖ್ಯೆ ಹೆಚ್ಚಿದೆಯೋ ಎಂಬುದನ್ನು ಗಣತಿಯೇ ಹೇಳಬೇಕು.

ಹಿಡಿದು ಬೇರೆಡೆ ಬಿಡುವುದು ಸುಲಭವಾಗಿ ಕಂಡರೂ ಕೆಲಸಕ್ಕೆ ಬಾರದ ಉಪಾಯ. ಆಸ್ಟ್ರೇಲಿಯಾದ ಕೇಪ್ ಯಾರ್ಕ್‌ನಲ್ಲಿ ಉಪ್ಪುನೀರಿನ ಮೊಸಳೆಗಳನ್ನು ಹೆಲಿಕಾಪ್ಟರ್‌ನಲ್ಲಿ ಒಯ್ದು ದೂರ ಬಿಟ್ಟಾಗ ಅವು ಈಜಿಕೊಂಡು ಹಳೆಯ ಜಾಗಕ್ಕೇ ಬಂದವು. ಒಂದಂತೂ 400 ಕಿ.ಮೀ.ಗೂ ಹೆಚ್ಚು ದೂರ ಬಂತು. ಬಾರದಿದ್ದರೂ ಖಾಲಿಯಾದ ಮಡುವಿಗೆ ಇನ್ನೊಂದು ಬರುತ್ತದೆ. ನೀವೇ ಹಿಡಿದರೆ ಅದು ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಜೈಲು ಶಿಕ್ಷೆ ಇದೆ.

ಮಾಡಬಹುದಾದದ್ದು ಹೀಗೆ. ಫುಟ್‌ವಾಲ್ವ್ ತೆಗೆಯಲು, ಕಸ ಬಿಡಿಸಲು ನೀರಿಗಿಳಿಯುವ ಪ್ರಸಂಗ ತಪ್ಪಿಸಿ. ಪೈಪಿನ ತುದಿಗೆ ಹಗ್ಗ ಕಟ್ಟಿ ದಂಡೆಯಿಂದಲೇ ಮೇಲೆಳೆಯುವಂತೆ ಮಾಡಿಕೊಳ್ಳಿ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ನೀರಿನ ಅಂಚಿಗೆ ಹೋಗಬೇಡಿ. ರಾತ್ರಿ ಪಾಳಿಯಲ್ಲಿ ಕರೆಂಟ್ ಬರುವವರು ಸ್ಟಾರ್ಟರನ್ನು ದಂಡೆಯಿಂದ ಮೇಲಕ್ಕೆ ತರಿಸಿಕೊಳ್ಳಿ. ನಾಯಿಯನ್ನು ಜೊತೆಗೆ ಕರೆದೊಯ್ಯುವುದು ರಕ್ಷಣೆ ಎಂದು ಹಲವರ ನಂಬಿಕೆ, ಆದರೆ ಮೊಸಳೆಗೆ ಅದೇ ಆಹಾರ.

ಬಟ್ಟೆ ಒಗೆಯುವ, ಈಜುವ ಕಟ್ಟೆಗೆ ಬೇಲಿ ಹಾಕಿಸಲು ಪಂಚಾಯಿತಿಯನ್ನು ಕೇಳಿ. ಭಿತರಕನಿಕಾದ ಸುತ್ತಲಿನ ಹಳ್ಳಿಗಳಲ್ಲಿ ಸ್ನಾನದ ಘಟ್ಟಗಳಿಗೆ ಇಂಥ ತಡೆ ಹಾಕಿದ್ದಾರೆ. ಕಂಬಗಳು ನದಿತಳಕ್ಕೆ ಗಟ್ಟಿಯಾಗಿ ಊರಿರಬೇಕು, ಜಾಲರಿಯ ಕೆಳಗೆ ಸಂದು ಇರಬಾರದು. ಬೇಲಿ ಸೋಲುವುದು ಎರಡು ಕಾರಣಕ್ಕೆ. ಪ್ರವಾಹದಲ್ಲಿ ತೇಲಿಬಂದ ಮರ, ಕಸ ಜಾಲರಿಗೆ ಸಿಕ್ಕಿ ಬುಡ ಕಿತ್ತುಬರುತ್ತದೆ, ಮೇಲಿನಿಂದ ನೋಡಿದವರಿಗೆ ಅದು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಅಣೆಕಟ್ಟಿನಿಂದ ಬರುವ ನೀರು ಕಡಿಮೆಯಾದಾಗ ಬೇಲಿಯೊಳಗೆ ಮೊಣಕಾಲುದ್ದ ನೀರೂ ಇರದೆ ಜನ ಆಚೆಗೆ ಹೋಗುತ್ತಾರೆ. ಹಾಗಾಗಿ ಮೇ ತಿಂಗಳ ನೀರಿನ ಮಟ್ಟ ನೋಡಿಕೊಂಡು ಜಾಗ ಗುರುತಿಸಿ. ಮಳೆಗಾಲ ಮುಗಿದ ಮೇಲೆ ಉದ್ದನೆಯ ಗಳುವಿನಿಂದ ಬುಡ ತಡವಿ ಪರೀಕ್ಷಿಸಿ.

ಫೆಬ್ರುವರಿಯಿಂದ ಜೂನ್‌ವರೆಗೆ ದಂಡೆಯಲ್ಲಿ ಒಂದೇ ಕಡೆ ಕದಲದೆ ಮಲಗಿ, ನೀವು ಹತ್ತಿರ ಹೋದರೂ ನೀರಿಗೆ ಜಾರದೆ ಬಾಯಿ ತೆರೆದು ಬುಸುಗುಟ್ಟಿದರೆ ಅಲ್ಲಿ ಗೂಡಿದೆ ಎಂದು ತಿಳಿಯಿರಿ. ಒಂದೆರಡು ತಿಂಗಳು ಆ ಜಾಗಕ್ಕೆ ಹೋಗದಿದ್ದರೆ ಸಾಕು. ಮಣ್ಣು ಕೆದಕಿ ಮೊಟ್ಟೆ ಬೇರೆಡೆ ಇಡಬೇಡಿ. ಇಟ್ಟ ಒಂದು ದಿನದೊಳಗೆ ಭ್ರೂಣ ಚಿಪ್ಪಿನ ಒಳಪದರಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಮಗುಚಿದರೆ ಸಾಯುತ್ತದೆ. ಅದಕ್ಕೇ ಕೇಂದ್ರದವರು ಮೊಟ್ಟೆ ತೆಗೆಯುವ ಮೊದಲು ಮೇಲ್ಭಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕುವುದು. ಗೂಡಿನ ಶಾಖವೂ ಮುಖ್ಯ: ಮಗ್ಗರ್‌ನಲ್ಲಿ 32.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಡು ಹೆಚ್ಚು, ಅದಕ್ಕಿಂತ ತಂಪಾದರೆ ಹೆಣ್ಣು. ಬೇರೆ ಆಳಕ್ಕೆ, ಬೇರೆ ನೆರಳಿಗೆ ಹೂತರೆ ಅದೂ ಬದಲಾಗುತ್ತದೆ. ಗೂಡು ನಿಮ್ಮ ಕಾಲುದಾರಿಯಲ್ಲೇ ಇದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ದಾರಿಯನ್ನು ಆ ಋತುವಿಗೆ ನೂರು ಹೆಜ್ಜೆ ಆಚೆಗೆ ಬದಲಿಸಿಕೊಳ್ಳಿ.